ಪುರಾವೆ ಹೊರುವಷ್ಟೇ ಮಾತು: ತರ್ಕಬದ್ಧವಾಗಿ ಮನವೊಲಿಸುವ ಬರಹಕ್ಕೊಂದು ಸಮಗ್ರ ಮಾರ್ಗದರ್ಶಿ

ನಿವಾಸಿಗಳ ಸಂಘಕ್ಕೆ ಬರೆಯುವ ಮನವಿ, ಪತ್ರಿಕೆಗೆ ಕಳುಹಿಸುವ ವಾಚಕರ ಪತ್ರ, ಗ್ರಾಮ ಪಂಚಾಯಿತಿಗೆ ಸಲ್ಲಿಸುವ ಅಹವಾಲು, ಕಾಲೇಜಿನ ಪ್ರಬಂಧ ಇವೆಲ್ಲವೂ ಇನ್ನೂ ಒಪ್ಪದ ಓದುಗರನ್ನು ಒಪ್ಪಿಗೆಯ ಕಡೆಗೆ ಕರೆತರಲು ಹೊರಟ ಬರಹಗಳು. ಇವುಗಳಲ್ಲಿ ಸೋತವನ್ನು ಗಮನವಿಟ್ಟು ಓದಿದರೆ ಹೆಚ್ಚಿನವುಗಳಲ್ಲಿ ಪುರಾವೆ ಇದ್ದೇ ಇರುತ್ತದೆ. ಆದರೆ ಅದು ಹೊರಲಾರದಷ್ಟು ದೊಡ್ಡ ಮಾತನ್ನು ಬರೆದವರು ಅದರ ಮೇಲೆ ಹೇರಿರುತ್ತಾರೆ. ಒಂದು ಉತ್ಪ್ರೇಕ್ಷೆ ಓದುಗರ ಕೈಗೆ ಸಿಕ್ಕಿತೆಂದರೆ ಉಳಿದ ಒಂಬತ್ತು ನಿಜಗಳೂ ಅದರ ಜೊತೆಗೇ ಬಿದ್ದುಹೋಗುತ್ತವೆ. ಆದ್ದರಿಂದ ಈ ಮಾರ್ಗದರ್ಶಿಯ ಬಹುಪಾಲು ಹೆಜ್ಜೆಗಳು ಮಾತನ್ನು ಪುರಾವೆಯ ಅಳತೆಗೆ ಕತ್ತರಿಸಿಕೊಳ್ಳುವುದಕ್ಕೆ ಸಂಬಂಧಿಸಿದವು.

ಎಲ್ಲ ಹೆಜ್ಜೆಗಳಿಗೂ ಒಂದೇ ಉದಾಹರಣೆಯನ್ನು ಇಟ್ಟುಕೊಳ್ಳೋಣ. ಬೆಂಗಳೂರಿನ 60 ಮನೆಗಳ ಒಂದು ವಸತಿ ಸಮುಚ್ಚಯ. 1,000 ಚದರ ಮೀಟರ್ ತಾರಸಿ. 60,000 ಲೀಟರ್ ಹಿಡಿಯುವ ಸಂಪು. ತಾರಸಿಯ ಮಳೆನೀರು ಕೊಳವೆಗಳಲ್ಲಿ ಇಳಿದು ನೇರವಾಗಿ ರಸ್ತೆಬದಿಯ ಚರಂಡಿಗೆ ಸೇರುತ್ತಿದೆ. ಅದನ್ನು ಶೋಧಿಸಿ ಸಂಪಿಗೆ ಹರಿಸಬೇಕೆಂದು ನಿವಾಸಿಯೊಬ್ಬರು ಸಂಘದ ಸರ್ವಸದಸ್ಯರ ಸಭೆಗೆ ಬರೆಯುತ್ತಿದ್ದಾರೆ. ಸಮುಚ್ಚಯ ಕಾಲ್ಪನಿಕವಾದರೂ ಮಳೆ, ದರ, ಕಾನೂನು ಮುಂತಾದವು ನಿಜವಾದವೇ.

ಮೊದಲು: ಯಾರು ನಿರ್ಧರಿಸುತ್ತಾರೆ, ಏನನ್ನು ನಿರ್ಧರಿಸುತ್ತಾರೆ

ಬರೆಯಲು ಕೂರುವ ಮುನ್ನ ಎರಡು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಬೇಕು: ಈ ಬರಹವನ್ನು ಓದಿದವರು ಯಾವ ನಿರ್ಧಾರ ಕೈಗೊಳ್ಳಬೇಕು, ಮತ್ತು ಆ ನಿರ್ಧಾರ ನಿಜವಾಗಿ ಯಾರ ಕೈಯಲ್ಲಿದೆ? ನಮ್ಮ ಉದಾಹರಣೆಯಲ್ಲಿ ಹಣ ಮಂಜೂರು ಮಾಡುವುದು ಸಭೆ. ಆದರೆ ಸಭೆ ನೋಡುವುದು ಖಜಾಂಚಿಯ ಮುಖವನ್ನು. ಖಜಾಂಚಿಗೆ ಪರಿಸರದ ಬಗ್ಗೆ ಎರಡು ಪುಟ ಉಪದೇಶ ಬೇಕಿಲ್ಲ; ವೆಚ್ಚ ಎಷ್ಟು, ಉಳಿತಾಯ ಎಷ್ಟು, ನಿರ್ವಹಣೆ ಯಾರದು ಎಂಬುದು ಬೇಕು. ನೀರು ಅಮೂಲ್ಯ, ಮರ ಬೆಳೆಸಿ ನಾಡು ಉಳಿಸಿ ಎಂಬಂಥ, ಯಾರೂ ವಿರೋಧಿಸದ ಮಾತುಗಳಿಗೆ ಪುರಾವೆ ಜೋಡಿಸುವುದು ವ್ಯರ್ಥ ಶ್ರಮ. ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲ. ಪುರಾವೆಯ ಕೆಲಸವಿರುವುದು ಓದುಗರು ತಲೆ ಅಲ್ಲಾಡಿಸುವ ಜಾಗದಲ್ಲಿ ಮಾತ್ರ. ಆ ಜಾಗ ಯಾವುದೆಂದು ಮೊದಲು ಹುಡುಕಿಕೊಳ್ಳಬೇಕು.

ಪ್ರತಿಪಾದನೆಯನ್ನು ಒಂದು ವಾಕ್ಯಕ್ಕೆ ಇಳಿಸುವುದು

ಇಡೀ ಬರಹ ಸಾಧಿಸಹೊರಟಿರುವುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಮೊದಲ ಯತ್ನದಲ್ಲಿ ಅದು ಸಾಮಾನ್ಯವಾಗಿ ಹೀಗಿರುತ್ತದೆ: ‘ಮಳೆನೀರು ಕೊಯ್ಲು ಮಾಡಿದರೆ ನಮ್ಮ ಸಮುಚ್ಚಯ ಟ್ಯಾಂಕರ್‌ಗಳಿಂದ ಮುಕ್ತವಾಗುತ್ತದೆ.’ ಇದು ಕೇಳಲು ಚೆನ್ನಾಗಿದೆ, ಫಲಕದ ಮೇಲೆ ಬರೆಯಲೂ ಚೆನ್ನಾಗಿದೆ. ನಿಜವೇ ಎಂಬುದನ್ನು ಮಾತ್ರ ಯಾರೂ ಪರೀಕ್ಷಿಸಿಲ್ಲ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ನಾವು ಎದುರಾಳಿಯ ಮಾತಿಗೆ ಅನ್ವಯಿಸುವಷ್ಟು ಸುಲಭವಾಗಿ ನಮ್ಮ ಮಾತಿಗೆ ಅನ್ವಯಿಸಿಕೊಳ್ಳುವುದಿಲ್ಲ.

ಪರೀಕ್ಷೆಗೆ ಒಳಪಡಬಲ್ಲ ಪ್ರತಿಪಾದನೆಯಲ್ಲಿ ಯಾರು, ಏನು, ಯಾವಾಗ, ಎಷ್ಟು ಎಂಬುವು ಇರುತ್ತವೆ. ಅದು ತಪ್ಪಾಗಿದ್ದರೆ ತಪ್ಪೆಂದು ತಿಳಿಯುವ ದಾರಿಯೂ ಇರುತ್ತದೆ. ‘ತುಂಬಾ ಅನುಕೂಲ’, ‘ಅಪಾರ ಉಳಿತಾಯ’ ಎಂಬ ಮಾತುಗಳು ಎಂದಿಗೂ ತಪ್ಪಾಗಲಾರವು, ಆದ್ದರಿಂದಲೇ ಅವು ಯಾರನ್ನೂ ಒಪ್ಪಿಸಲಾರವು. ಈ ಹಂತದಲ್ಲಿ ವಾಕ್ಯ ಪರಿಪೂರ್ಣವಾಗಬೇಕಿಲ್ಲ. ಮುಂದಿನ ಹೆಜ್ಜೆಯಲ್ಲಿ ಲೆಕ್ಕ ಅದನ್ನು ತಿದ್ದುತ್ತದೆ. ತಿದ್ದಿಸಿಕೊಳ್ಳಲು ಬರೆಯುವವರು ಸಿದ್ಧರಿದ್ದರೆ ಸಾಕು.

ಲೆಕ್ಕವನ್ನು ಓದುಗರ ಮುಂದೆಯೇ ಮಾಡುವುದು

ಸಂಖ್ಯೆಗಳಲ್ಲಿ ಎರಡು ಬಗೆ: ಓದುಗರು ನಂಬಬೇಕಾದವು, ಮತ್ತು ಓದುಗರು ತಾವೇ ಮಾಡಿ ನೋಡಬಹುದಾದವು. ಎರಡನೆಯ ಬಗೆಯದು ಸಿಗುವ ಕಡೆಯಲ್ಲೆಲ್ಲ ಅದನ್ನೇ ಆರಿಸಿಕೊಳ್ಳಬೇಕು. ಮಳೆಯ ಲೆಕ್ಕ ಇದಕ್ಕೆ ತಕ್ಕುದಾದ ವಸ್ತು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್ ನೀರು. ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆ 950ರಿಂದ 1,000 ಮಿಲಿಮೀಟರ್. ನಾವು 970 ಎಂದು ಹಿಡಿಯೋಣ. 1,000 ಚದರ ಮೀಟರ್ ತಾರಸಿಯ ಮೇಲೆ ವರ್ಷಕ್ಕೆ 9,70,000 ಲೀಟರ್ ಬೀಳುತ್ತದೆ. ಆವಿಯಾಗುವುದು, ಚಿಮ್ಮಿಹೋಗುವುದು, ತಾರಸಿ ತೊಳೆಯಲು ಬಿಡಬೇಕಾದ ಮೊದಲ ಮಳೆ ಇವುಗಳಿಗೆ ಐದನೇ ಒಂದು ಭಾಗ ಕಳೆದರೆ 7,76,000 ಲೀಟರ್ ಉಳಿಯುತ್ತದೆ.

ಇದು ದೊಡ್ಡ ಸಂಖ್ಯೆ. ಇಲ್ಲಿಯೇ ನಿಲ್ಲಿಸುವ ಆಸೆ ಬಲವಾಗಿರುತ್ತದೆ. ಹಲವು ಬರಹಗಳು ಇಲ್ಲಿಯೇ ನಿಲ್ಲುತ್ತವೆ ಕೂಡ. ಆದರೆ ಯಾವ ಸಂಖ್ಯೆಯೂ ತಾನಾಗಿ ದೊಡ್ಡದಲ್ಲ, ಸಣ್ಣದಲ್ಲ. ಪಕ್ಕದಲ್ಲಿ ಇನ್ನೊಂದನ್ನು ಇಟ್ಟಾಗಲೇ ಅದರ ಗಾತ್ರ ತಿಳಿಯುವುದು. ಮನೆಗೆ ನಾಲ್ವರಂತೆ 240 ಜನ, ನಗರ ನೀರು ಪೂರೈಕೆಯ ಯೋಜನೆಗಳಲ್ಲಿ ಬಳಸುವ ತಲಾ 135 ಲೀಟರ್ ಅಳತೆಯಂತೆ ದಿನಕ್ಕೆ 32,400 ಲೀಟರ್, ವರ್ಷಕ್ಕೆ ಸುಮಾರು 1 ಕೋಟಿ 18 ಲಕ್ಷ ಲೀಟರ್ ಬೇಕು. ಇಡೀ ವರ್ಷದ ತಾರಸಿ ನೀರು ಇದರ ಶೇ 6.6ರಷ್ಟು; ಎಂದರೆ 24 ದಿನಗಳ ಬಳಕೆ. ಟ್ಯಾಂಕರ್‌ಗಳಿಂದ ಮುಕ್ತಿ ಎಂಬ ಪ್ರತಿಪಾದನೆ ಈ ಒಂದು ಭಾಗಾಕಾರದಲ್ಲಿ ಕುಸಿಯಿತು. ಅದು ಸಭೆಯಲ್ಲಿ, ಹಿಂದಿನ ಸಾಲಿನಲ್ಲಿ ಕುಳಿತವರ ಮೊಬೈಲಿನ ಕ್ಯಾಲ್ಕ್ಯುಲೇಟರ್‌ನಲ್ಲಿ ಕುಸಿಯುವುದಕ್ಕಿಂತ ನಮ್ಮ ಮೇಜಿನ ಮೇಲೆ ಕುಸಿದದ್ದು ಒಳ್ಳೆಯದೇ ಆಯಿತು.

ಈಗ ಹಣದ ಲೆಕ್ಕ. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ತೀವ್ರವಾದಾಗ ಬೆಂಗಳೂರು ನಗರ ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ ದರ ನಿಗದಿಪಡಿಸಿತು. ಐದು ಕಿಲೋಮೀಟರ್ ಒಳಗೆ 12,000 ಲೀಟರ್‌ಗೆ 1,000 ರೂಪಾಯಿ. ಆ ದರವನ್ನು ಹಿಡಿದರೆ 7,76,000 ಲೀಟರ್ ಎಂದರೆ ಸುಮಾರು 65 ಟ್ಯಾಂಕರ್, 65,000 ರೂಪಾಯಿ. ಕೊಳವೆ ಜೋಡಣೆ ಮತ್ತು ಶೋಧಕಕ್ಕೆ 1,20,000 ರೂಪಾಯಿಯ ದರಪಟ್ಟಿ ಬಂದಿದೆ ಎಂದಿಟ್ಟುಕೊಂಡರೆ ಎರಡು ವರ್ಷದೊಳಗೆ ಹಾಕಿದ ಹಣ ವಾಪಸ್. ಗುಣಾಕಾರ, ಭಾಗಾಕಾರ ಎಲ್ಲವೂ ಸರಿ. ಆದರೂ ತೀರ್ಮಾನ ತಪ್ಪು, ಮತ್ತು ಅದು ಏಕೆ ತಪ್ಪು ಎಂದು ತಿಳಿಯಲು ಲೆಕ್ಕವನ್ನು ಬಿಟ್ಟು ತರ್ಕದ ಕಡೆಗೆ ತಿರುಗಬೇಕು.

ಅಡಗಿ ಕುಳಿತ ಕೊಂಡಿಯನ್ನು ಹೊರಗೆಳೆಯುವುದು

ಭಾರತೀಯ ತರ್ಕಶಾಸ್ತ್ರದ ಪ್ರಾಚೀನ ಗ್ರಂಥವಾದ, ಗೌತಮನ ಹೆಸರಿನಲ್ಲಿರುವ ನ್ಯಾಯಸೂತ್ರಗಳು ಒಂದು ವಾದಕ್ಕೆ ಐದು ಅವಯವಗಳನ್ನು ಹೇಳುತ್ತವೆ: ಪ್ರತಿಜ್ಞೆ (ಸಾಧಿಸಬೇಕಾದ ಮಾತು), ಹೇತು (ಕಾರಣ), ಉದಾಹರಣೆ, ಉಪನಯ (ಈ ಪ್ರಸಂಗಕ್ಕೆ ಅನ್ವಯ), ನಿಗಮನ (ತೀರ್ಮಾನ). ಆ ಪರಂಪರೆಯ ಪ್ರಸಿದ್ಧ ದೃಷ್ಟಾಂತ ಎಲ್ಲರೂ ಕೇಳಿರುವಂಥದು. ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಹೊಗೆ ಕಾಣುತ್ತಿದೆ, ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯಲ್ಲಿರುವಂತೆ, ಈ ಬೆಟ್ಟದಲ್ಲೂ ಅಂಥದೇ ಹೊಗೆಯಿದೆ, ಆದ್ದರಿಂದ ಬೆಂಕಿಯಿದೆ. ಇವುಗಳಲ್ಲಿ ನಾವು ಬರೆಯುವಾಗ ಪ್ರತಿಜ್ಞೆಯನ್ನೂ ಹೇತುವನ್ನೂ ಮರೆಯುವುದಿಲ್ಲ. ಮರೆಯುವುದು ನಡುವಿನ ‘ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ’ ಎಂಬ ಸಂಬಂಧವನ್ನು, ಈ ಪರಂಪರೆಯ ತಾರ್ಕಿಕರಾದ ನೈಯಾಯಿಕರು ವ್ಯಾಪ್ತಿ ಎಂದು ಕರೆದದ್ದನ್ನು. ಅದನ್ನು ಬರಹದಲ್ಲಿ ಹೇಳದಿರುವುದು ಅಷ್ಟೇನೂ ದೋಷವಲ್ಲ, ಎಷ್ಟೋ ಸಲ ಅದು ಸ್ಪಷ್ಟವಾಗಿಯೇ ಇರುತ್ತದೆ. ಬರೆಯುವವರಿಗೇ ಅದು ಕಾಣದಿರುವುದು ದೋಷ.

ನಮ್ಮ ಹಣದ ಲೆಕ್ಕದಲ್ಲಿ ಅಡಗಿದ್ದ ವ್ಯಾಪ್ತಿ ಇದು: ಸಂಪಿಗೆ ಇಳಿದ ಮಳೆನೀರಿನ ಪ್ರತಿ ಲೀಟರೂ ಟ್ಯಾಂಕರಿನ ಒಂದು ಲೀಟರನ್ನು ಉಳಿಸುತ್ತದೆ. ಹೊರಗೆಳೆದು ಬರೆದ ಕೂಡಲೇ ಅದರ ಬಿರುಕುಗಳು ಕಾಣುತ್ತವೆ. ಬೆಂಗಳೂರಿಗೆ ಮಳೆ ಹೆಚ್ಚಾಗಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಬೀಳುತ್ತದೆ, ಸೆಪ್ಟೆಂಬರ್‌ನಲ್ಲಿ ಅತಿ ಹೆಚ್ಚು. ಟ್ಯಾಂಕರ್‌ಗಳಿಗೆ ಪರದಾಟ ಫೆಬ್ರುವರಿಯಿಂದ ಮೇ ನಡುವೆ. ಸೆಪ್ಟೆಂಬರ್‌ನ ನೀರನ್ನು ಮಾರ್ಚ್‌ಗೆ ಕಾಯ್ದಿರಿಸಲು 60,000 ಲೀಟರ್‌ನ ಸಂಪಿಗೆ ಸಾಧ್ಯವಿಲ್ಲ. ಅದು ಎರಡು ದಿನದ ಬಳಕೆಗೂ ಸಾಲದು. ಮಳೆಗಾಲದಲ್ಲಿ ಟ್ಯಾಂಕರ್ ತರಿಸದ ದಿನಗಳಂದು ಮಳೆನೀರು ಉಳಿಸುವುದು ಕಾವೇರಿ ನೀರಿನ ಬಿಲ್ಲನ್ನೋ ಕೊಳವೆಬಾವಿಯ ಪಂಪಿನ ವಿದ್ಯುತ್ತನ್ನೋ. ಅವುಗಳ ದರವೇ ಬೇರೆ.

ಆದ್ದರಿಂದ ಸರಿಯಾದ ಪುರಾವೆ ಮಳೆಯ ಕೋಷ್ಟಕದಲ್ಲಿಲ್ಲ, ಗೇಟಿನಲ್ಲಿ ಕಾವಲುಗಾರರು ಬರೆದಿಡುವ ಟ್ಯಾಂಕರ್ ನೋಂದಣಿ ಪುಸ್ತಕದಲ್ಲಿದೆ. ಕಳೆದ ಜೂನ್‌ನಿಂದ ಅಕ್ಟೋಬರ್‌ವರೆಗೆ 40 ಟ್ಯಾಂಕರ್ ಬಂದಿವೆ ಎಂದು ಅದರಲ್ಲಿ ಸಿಕ್ಕಿತು ಎನ್ನೋಣ. ಅದೇ ಐದು ತಿಂಗಳಲ್ಲಿ ಸುಮಾರು 700 ಮಿಲಿಮೀಟರ್ ಮಳೆಯೆಂದು ಹಿಡಿದರೆ ತಾರಸಿಯಿಂದ 5,60,000 ಲೀಟರ್. ಸಂಪು ತುಂಬಿ ಹೊರಹೋಗುವುದಕ್ಕೆ ಕಾಲು ಭಾಗ ಕಳೆದರೆ 4,20,000 ಲೀಟರ್, ಎಂದರೆ 35 ಟ್ಯಾಂಕರ್. ಇದು ಮೇಲ್ಮಿತಿ. ಮಳೆ ಬಂದ ದಿನವೇ ನೀರಿನ ಕೊರತೆಯೂ ಇರಬೇಕೆಂದಿಲ್ಲವಾದ್ದರಿಂದ ಇದರ ಅರ್ಧವಷ್ಟೇ ಉಳಿಯಿತೆಂದು ಕೆಳಮಿತಿ ಇಟ್ಟುಕೊಂಡರೆ ಉಳಿತಾಯ ವರ್ಷಕ್ಕೆ 17,500ರಿಂದ 35,000 ರೂಪಾಯಿ. 1,20,000 ರೂಪಾಯಿ ವಾಪಸಾಗಲು ಮೂರೂವರೆಯಿಂದ ಏಳು ವರ್ಷ ಬೇಕು.

‘ಎರಡು ವರ್ಷ’ ಎಂಬುದು ‘ಮೂರೂವರೆಯಿಂದ ಏಳು’ ಆದಾಗ ವಾದ ದುರ್ಬಲವಾಯಿತೆಂದು ಅನಿಸಬಹುದು. ನನ್ನ ಅಭಿಪ್ರಾಯ ಬೇರೆ. ಮೊದಲಿನದು ಖಜಾಂಚಿ ಒಂದು ಪ್ರಶ್ನೆ ಕೇಳುವವರೆಗೆ ಮಾತ್ರ ನಿಲ್ಲುವ ಸಂಖ್ಯೆ; ಎರಡನೆಯದು ಅವರ ಪ್ರಶ್ನೆಗಳನ್ನೆಲ್ಲ ಮೊದಲೇ ನುಂಗಿಕೊಂಡು ಬಂದ ಸಂಖ್ಯೆ. ಕೆಳಮಿತಿ, ಮೇಲ್ಮಿತಿ ಎರಡನ್ನೂ ಕೊಟ್ಟ ಬರಹವನ್ನು ಓದುವವರು ಬರೆದವರ ಜೊತೆ ಜಗಳಕ್ಕಿಳಿಯುವುದನ್ನು ಬಿಟ್ಟು ಆ ಎರಡರ ನಡುವೆ ಎಲ್ಲಿ ನಿಲ್ಲಬೇಕೆಂದು ಯೋಚಿಸತೊಡಗುತ್ತಾರೆ. ಮನವೊಲಿಕೆ ಅಲ್ಲಿಂದಲೇ ಶುರು. ಒಂದು ವೇಳೆ ಲೆಕ್ಕ ಇಪ್ಪತ್ತು ವರ್ಷ ಎಂದು ತೋರಿಸಿದ್ದರೆ? ಆಗ ಪ್ರಸ್ತಾವವನ್ನೇ ಬದಲಿಸಬೇಕು. ಅರ್ಧ ತಾರಸಿಗೆ ಸೀಮಿತಗೊಳಿಸುವುದೋ, ಸಂಪಿನ ಬದಲು ಇಂಗುಗುಂಡಿಯೋ ಎಂದು ನೋಡಬೇಕು. ಬರಹದ ಜಾಣತನದಿಂದ ಕೆಟ್ಟ ಪ್ರಸ್ತಾವವನ್ನು ಸಾಗಹಾಕುವುದು ಈ ಮಾರ್ಗದರ್ಶಿಯ ವಿಷಯವಲ್ಲ.

ಪುರಾವೆ ತರುವ ದಾರಿಗಳು, ಅವುಗಳ ತೂಕ

ನ್ಯಾಯದರ್ಶನ ಒಪ್ಪುವ ನಾಲ್ಕು ಪ್ರಮಾಣಗಳು, ಎಂದರೆ ತಿಳಿವಿನ ಸಾಧನಗಳು, ಪ್ರತ್ಯಕ್ಷ (ನೇರವಾಗಿ ಕಂಡದ್ದು), ಅನುಮಾನ (ಕಂಡದ್ದರಿಂದ ತರ್ಕಿಸಿ ತಿಳಿದದ್ದು), ಉಪಮಾನ (ಹೋಲಿಕೆ), ಶಬ್ದ (ನಂಬಲರ್ಹರ ಮಾತು). ಶಾಸ್ತ್ರದಲ್ಲಿ ಇವುಗಳ ಅರ್ಥ ಸೂಕ್ಷ್ಮವಾದದ್ದು. ಸಡಿಲವಾಗಿ ತೆಗೆದುಕೊಂಡರೂ ಇವತ್ತಿನ ಬರಹಗಾರರಿಗೆ ಒಳ್ಳೆಯ ತಪಾಸಣೆಯ ಪಟ್ಟಿಯಾಗುತ್ತವೆ. ಟ್ಯಾಂಕರ್ ಪುಸ್ತಕ, ನೀರಿನ ಮೀಟರಿನ ಅಂಕಿ, ತಾರಸಿಯನ್ನು ಟೇಪು ಹಿಡಿದು ಅಳೆದ ಅಳತೆ ಇವು ಪ್ರತ್ಯಕ್ಷದ ಸಾಲಿನವು. ಅವುಗಳಿಂದ ನಾವು ಕಟ್ಟಿದ ಲೆಕ್ಕ ಅನುಮಾನ. ಪಕ್ಕದ ಸಮುಚ್ಚಯದಲ್ಲಿ ಇದೇ ಕೆಲಸ ಆಗಿದೆ ಎಂಬುದು ಹೋಲಿಕೆಯ ಪುರಾವೆ. ಅವರ ತಾರಸಿ ಎಷ್ಟು, ಸಂಪು ಎಷ್ಟು, ಮನೆಗಳೆಷ್ಟು ಎಂದು ಹೇಳದಿದ್ದರೆ ಅದಕ್ಕೆ ತೂಕವಿಲ್ಲ. ತಜ್ಞರ, ಸರ್ಕಾರದ, ಪತ್ರಿಕೆಯ ಮಾತು ಶಬ್ದಪ್ರಮಾಣ.

ಹೆಚ್ಚು ಎಚ್ಚರ ಬೇಕಾದದ್ದು ಈ ಕೊನೆಯದಕ್ಕೆ. ನೈಯಾಯಿಕರೂ ಯಾರದೋ ಮಾತನ್ನು ಪ್ರಮಾಣವೆಂದಿಲ್ಲ, ಆಪ್ತನ ಉಪದೇಶವನ್ನು ಎಂದಿದ್ದಾರೆ. ವಿಷಯವನ್ನು ಬಲ್ಲ, ಇದ್ದದ್ದನ್ನು ಇದ್ದಂತೆ ಹೇಳುವ ವ್ಯಕ್ತಿ ಎಂದು ಅದರ ತಾತ್ಪರ್ಯ. ‘ತಜ್ಞರು ಹೇಳುತ್ತಾರೆ’, ‘ಸಂಶೋಧನೆಗಳಿಂದ ಸಾಬೀತಾಗಿದೆ’ ಎಂಬ ವಾಕ್ಯಗಳಲ್ಲಿ ಯಾವ ತಜ್ಞರು, ಯಾವ ಸಂಶೋಧನೆ ಎಂಬುದಿಲ್ಲದಿದ್ದರೆ ಅವನ್ನು ಅಳಿಸಿಬಿಡುವುದು ಉತ್ತಮ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಅಂಕಿಯನ್ನು ಮೂಲಕ್ಕೆ ಹೋಗಿ ನೋಡದೆ ಬಳಸುವುದು, ಎತ್ತು ಈಯಿತು ಎಂದರೆ ಕರುವನ್ನು ಕೊಟ್ಟಿಗೆಯಲ್ಲಿ ಕಟ್ಟು ಎಂದವರ ಸಾಲಿಗೆ ಸೇರಿದ್ದು. ಮಳೆಯ ಅಂಕಿಗಳಿಗೆ ಭಾರತೀಯ ಹವಾಮಾನ ಇಲಾಖೆ ಮತ್ತು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇವೆ. ಪ್ರಕಟವಾಗದ ಸರ್ಕಾರಿ ದಾಖಲೆ ಬೇಕಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕು. ಕರ್ನಾಟಕದ ನಿಯಮಗಳಲ್ಲಿ ಒಂದು ಅರ್ಜಿ ಒಂದೇ ವಿಷಯಕ್ಕೆ, 150 ಪದಗಳಿಗೆ ಸೀಮಿತವಾಗಿರಬೇಕು ಎಂದಿದೆ. ಹಲವರು ಇದನ್ನು ದೂರುವುದುಂಟು. ಆದರೆ ಪುರಾವೆ ಹುಡುಕುವವರಿಗೆ ತನಗೆ ನಿಖರವಾಗಿ ಏನು ಬೇಕೆಂದು ತೀರ್ಮಾನಿಸಿಕೊಳ್ಳಲು ಅದು ಪರೋಕ್ಷವಾಗಿ ನೆರವಾಗುತ್ತದೆ.

ಕಾನೂನಿನ ಮಾತೂ ಶಬ್ದಪ್ರಮಾಣವೇ. ಬೆಂಗಳೂರು ಜಲಮಂಡಳಿಯ ಕಾಯ್ದೆಗೆ 2009ರಲ್ಲಿ ತಂದ ತಿದ್ದುಪಡಿ 2,400 ಚದರ ಅಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳ ಕಟ್ಟಡಗಳಿಗೆ ಮಳೆನೀರು ಕೊಯ್ಲನ್ನು ಕಡ್ಡಾಯಗೊಳಿಸಿತು. ಮುಂದೆ ಇದಕ್ಕೆ ಬದಲಾವಣೆಗಳಾಗಿವೆ, ಆದ್ದರಿಂದ ಬರೆಯುವ ದಿನ ಜಾರಿಯಲ್ಲಿರುವ ಪಠ್ಯವನ್ನೇ ನೋಡಿ ಉಲ್ಲೇಖಿಸಬೇಕು. ‘ಲಾಭದಾಯಕ, ಆದ್ದರಿಂದ ಮಾಡೋಣ’ ಎಂಬುದೂ ‘ಕಡ್ಡಾಯ, ಆದ್ದರಿಂದ ಮಾಡಲೇಬೇಕು’ ಎಂಬುದೂ ಎರಡು ಪ್ರತ್ಯೇಕ ವಾದಗಳು ಎಂಬುದನ್ನೂ ಮರೆಯಬಾರದು. ಎರಡನ್ನೂ ಒಂದೇ ವಾಕ್ಯದಲ್ಲಿ ಕಲಸಿದರೆ ಓದುಗರು ದುರ್ಬಲವಾದುದನ್ನು ಖಂಡಿಸಿ ಎರಡರಿಂದಲೂ ಪಾರಾಗುತ್ತಾರೆ. ಬೇರೆ ಬೇರೆ ಪರಿಚ್ಛೇದಗಳಲ್ಲಿಟ್ಟರೆ ಒಂದು ಬಿದ್ದರೂ ಇನ್ನೊಂದು ನಿಂತಿರುತ್ತದೆ.

ಇದರಿಂದ ಅದಾಯಿತು ಎನ್ನುವ ಮುನ್ನ

ಮನವೊಲಿಸುವ ಬರಹದಲ್ಲಿ ಅತಿ ಹೆಚ್ಚು ಜಾರುವ ಜಾಗ ಕಾರಣ ಮತ್ತು ಪರಿಣಾಮದ್ದು. ‘ಪಕ್ಕದವರು ಇಂಗುಗುಂಡಿ ತೋಡಿಸಿದರು, ಮರುವರ್ಷ ಅವರ ಕೊಳವೆಬಾವಿಯಲ್ಲಿ ನೀರು ಏರಿತು’ ಎಂಬ ವಾಕ್ಯವನ್ನು ತೆಗೆದುಕೊಳ್ಳಿ. ಎರಡೂ ಘಟನೆಗಳು ನಿಜವಿರಬಹುದು. ಆದರೆ ಆ ವರ್ಷ ಮಳೆಯೇ ಚೆನ್ನಾಗಿ ಆಗಿದ್ದರೆ? ಕಾಗೆ ಕೂತದ್ದೂ ಕೊಂಬೆ ಮುರಿದದ್ದೂ ಒಟ್ಟಿಗೇ ಆದ ಮಾತ್ರಕ್ಕೆ ಕಾಗೆಯ ಭಾರ ಸಾಬೀತಾಗುವುದಿಲ್ಲ.

ಈ ತೊಡಕನ್ನು ದಾಟುವ ಬಗೆಯನ್ನು ಕಲಿಯಲು 1854ರ ಲಂಡನ್ನಿಗೆ ಹೋಗಿಬರುವುದು ಸಾರ್ಥಕ. ಆ ವರ್ಷ ಆಗಸ್ಟ್ ಕೊನೆಯಲ್ಲಿ ಸೋಹೋ ಭಾಗದ ಬ್ರಾಡ್ ಸ್ಟ್ರೀಟ್ ಸುತ್ತಮುತ್ತ ಕಾಲರಾ ಸ್ಫೋಟಿಸಿತು; ಕೆಲವೇ ವಾರಗಳಲ್ಲಿ ಆರುನೂರಕ್ಕೂ ಹೆಚ್ಚು ಜನ ಸತ್ತರು. ಕೆಟ್ಟ ಗಾಳಿಯಿಂದ ಕಾಲರಾ ಬರುತ್ತದೆ ಎಂಬುದು ಆಗಿನ ಬಹುಜನರ ನಂಬಿಕೆ. ವೈದ್ಯ ಜಾನ್ ಸ್ನೋ ಅದು ನೀರಿನಿಂದ ಹರಡುತ್ತದೆ ಎನ್ನುತ್ತಿದ್ದರು. ರೋಗಾಣುವನ್ನು ಬೆರಳು ಮಾಡಿ ತೋರಿಸುವ ಸ್ಥಿತಿ ಅವರಿಗಿರಲಿಲ್ಲ. ಸಾವುಗಳು ಬ್ರಾಡ್ ಸ್ಟ್ರೀಟಿನ ಕೈಪಂಪಿನ ಸುತ್ತ ದಟ್ಟವಾಗಿದ್ದವು ಎಂಬುದನ್ನು ಅವರು ನಕ್ಷೆಯಲ್ಲಿ ತೋರಿಸಿದರು. ಆದರೆ ಅಷ್ಟರಿಂದಲೇ ವಾದ ಗೆಲ್ಲುವುದಿಲ್ಲ, ಏಕೆಂದರೆ ಅಲ್ಲಿನ ಗಾಳಿಯೇ ಕೆಟ್ಟಿದೆ ಎಂದು ಎದುರು ಪಕ್ಷದವರು ಅದೇ ನಕ್ಷೆಯಿಂದ ಹೇಳಬಹುದಿತ್ತು.

ಸ್ನೋ ಅವರ ಬಲವಿದ್ದದ್ದು ನಿಯಮಕ್ಕೆ ಹೊರತಾದಂತೆ ಕಂಡವರನ್ನು ಹುಡುಕಿದ್ದರಲ್ಲಿ. ಪಂಪಿಗೆ ಹತ್ತಿರವಿದ್ದ ಒಂದು ಬಡವರ ಆಶ್ರಮದಲ್ಲಿ 535 ಜನರಿದ್ದರು, ಸತ್ತವರು ಐವರು. ಆಶ್ರಮಕ್ಕೆ ತನ್ನದೇ ಬಾವಿಯಿತ್ತು. ಅದೇ ಬೀದಿಯ ಬಿಯರ್ ತಯಾರಿಕಾ ಘಟಕದ ಕೆಲಸಗಾರರಲ್ಲಿ ಯಾರೂ ಕಾಲರಾದಿಂದ ಸಾಯಲಿಲ್ಲ. ಅವರಿಗೆ ಕುಡಿಯಲು ಅಲ್ಲಿನ ಮದ್ಯವೇ ಸಿಗುತ್ತಿತ್ತು, ಪಂಪಿನ ನೀರಿನ ಗೊಡವೆ ಇರಲಿಲ್ಲ. ಇನ್ನೊಂದು ಕಡೆ, ಮೈಲಿಗಳಾಚೆಯ ಹ್ಯಾಂಪ್‌ಸ್ಟೆಡ್‌ನಲ್ಲಿ, ಕಾಲರಾ ಇಲ್ಲದ ಜಾಗದಲ್ಲಿ, ವಿಧವೆಯೊಬ್ಬರು ಸತ್ತರು. ಬ್ರಾಡ್ ಸ್ಟ್ರೀಟ್ ಪಂಪಿನ ನೀರಿನ ರುಚಿ ಹಿಡಿಸಿದ್ದರಿಂದ ಆಕೆ ಅದನ್ನು ತರಿಸಿಕೊಂಡು ಕುಡಿಯುತ್ತಿದ್ದರು. ಹತ್ತಿರವಿದ್ದೂ ಆ ನೀರು ಕುಡಿಯದವರು ಬದುಕಿದರು, ದೂರವಿದ್ದೂ ಕುಡಿದವರು ಸತ್ತರು. ಗಾಳಿ ಮತ್ತು ನೀರು ಎಂಬ ಎರಡು ಕಾರಣಗಳು ಎಲ್ಲಿ ಬೇರ್ಪಡುತ್ತವೆಯೋ ಅಲ್ಲಿ ಸಿಕ್ಕ ಈ ಕೆಲವೇ ಪ್ರಸಂಗಗಳು, ಎರಡೂ ಒಟ್ಟಿಗಿದ್ದ ಕಡೆಯ ನೂರಾರು ಸಾವುಗಳಿಗಿಂತ ಹೆಚ್ಚು ಮಾತನಾಡುತ್ತವೆ.

ಸ್ನೋ ತಮ್ಮ ವಾದವನ್ನು ಸೆಪ್ಟೆಂಬರ್ 7ರಂದು ಸ್ಥಳೀಯ ಆಡಳಿತದವರ ಮುಂದಿಟ್ಟರು. ಮರುದಿನ ಪಂಪಿನ ಹಿಡಿಕೆಯನ್ನು ಕಳಚಲಾಯಿತು. ಹಿಡಿಕೆ ತೆಗೆದರು, ಕಾಲರಾ ನಿಂತಿತು ಎಂದು ಈ ಕಥೆಯನ್ನು ಹೇಳುವವರಿದ್ದಾರೆ. ಜನ ಊರು ಬಿಟ್ಟು ಹೋಗಿದ್ದರಿಂದ ಅಷ್ಟರಲ್ಲೇ ರೋಗ ಇಳಿಮುಖವಾಗಿತ್ತು ಎಂಬುದನ್ನು ಸ್ವತಃ ಸ್ನೋ ದಾಖಲಿಸಿದ್ದಾರೆ. ತಮಗೆ ಅನುಕೂಲವಾದ ‘ಇದಾದ ಮೇಲೆ ಅದಾಯಿತು’ ಎಂಬ ವಾದವನ್ನು ಅವರು ಕೈಯಾರೆ ಬಿಟ್ಟುಕೊಟ್ಟರು. ಬದಲಿಗೆ ಇನ್ನೂ ದೊಡ್ಡ ಹೋಲಿಕೆಯನ್ನು ಮುಂದಿಟ್ಟರು. ದಕ್ಷಿಣ ಲಂಡನ್ನಿನಲ್ಲಿ ಎರಡು ಕಂಪನಿಗಳು ಒಂದೇ ಬೀದಿಗಳಲ್ಲಿ ಅಕ್ಕಪಕ್ಕದ ಮನೆಗಳಿಗೆ ನೀರು ಕೊಡುತ್ತಿದ್ದವು. ಲ್ಯಾಂಬೆತ್ ಕಂಪನಿ 1852ರಲ್ಲಿ ತನ್ನ ನೀರೆತ್ತುವ ಜಾಗವನ್ನು ಥೇಮ್ಸ್ ನದಿಯ ಮೇಲ್ಭಾಗಕ್ಕೆ, ನಗರದ ಕೊಳಚೆ ತಲುಪದ ಕಡೆಗೆ ಸಾಗಿಸಿತ್ತು. ಸೌತ್‌ವಾರ್ಕ್ ಮತ್ತು ವಾಕ್ಸ್‌ಹಾಲ್ ಕಂಪನಿ ಸಾಗಿಸಿರಲಿಲ್ಲ. 1854ರ ಪಿಡುಗಿನ ಮೊದಲ ವಾರಗಳ ಲೆಕ್ಕದಲ್ಲಿ ಎರಡನೆಯ ಕಂಪನಿಯ 40,046 ಮನೆಗಳಲ್ಲಿ 1,263 ಸಾವು, ಮೊದಲನೆಯದರ 26,107 ಮನೆಗಳಲ್ಲಿ 98. ಹತ್ತು ಸಾವಿರ ಮನೆಗಳಿಗೆ 315 ಮತ್ತು 37. ಗಾಳಿ ಒಂದೇ, ಬೀದಿ ಒಂದೇ, ನೀರು ಮಾತ್ರ ಬೇರೆ.

ಸಾವುಗಳ ಸಂಖ್ಯೆಯನ್ನಷ್ಟೇ ಕೊಡದೆ ಹತ್ತು ಸಾವಿರಕ್ಕೆ ಎಷ್ಟೆಂದು ಕೊಟ್ಟದ್ದು ಗಮನಾರ್ಹ. ಮನೆಗಳ ಸಂಖ್ಯೆ ಬೇರೆ ಬೇರೆಯಿದ್ದಾಗ ಬರಿಯ ಮೊತ್ತಗಳನ್ನು ಹೋಲಿಸುವುದು ಓದುಗರಿಗೆ ಮಾಡುವ ಮೋಸ.

ನಮ್ಮ ಇಂಗುಗುಂಡಿಗೆ ಇದನ್ನೇ ಅನ್ವಯಿಸಬಹುದು. ಪಕ್ಕದವರ ಬಾವಿ ಏರಿದ ವರ್ಷವೇ, ಗುಂಡಿ ತೋಡಿಸದ ಆಚೆ ಪಕ್ಕದವರ ಬಾವಿ ಏನಾಯಿತು? ಹಿಂದೆ ಇಷ್ಟೇ ಮಳೆಯಾದ ವರ್ಷ ಇದೇ ಬಾವಿ ಎಲ್ಲಿತ್ತು? ಈ ಎರಡರಲ್ಲಿ ಒಂದಕ್ಕಾದರೂ ಉತ್ತರ ಸಿಗುವವರೆಗೆ ‘ಗುಂಡಿಯಿಂದ ನೀರು ಏರಿತು’ ಎಂದು ಬರೆಯಬಾರದು. ‘ಗುಂಡಿ ತೋಡಿಸಿದ ಮರುವರ್ಷ ನೀರು ಏರಿದೆ, ಆ ವರ್ಷ ಮಳೆಯೂ ಹೆಚ್ಚಿತ್ತು’ ಎಂದು ಬರೆಯಬಹುದು.

ಪೂರ್ವಪಕ್ಷಕ್ಕೆ ಜಾಗ ಕೊಡುವುದು

ಎದುರಿನವರ ವಾದವನ್ನು, ಎಂದರೆ ಪೂರ್ವಪಕ್ಷವನ್ನು, ಮೊದಲು ಅದರ ಪೂರ್ಣ ಬಲದಲ್ಲಿ ಹೇಳಿ ಆಮೇಲೆ ಉತ್ತರಿಸುವುದು ನಮ್ಮ ಶಾಸ್ತ್ರಗ್ರಂಥಗಳಲ್ಲಿ ಹಳೆಯ ಪದ್ಧತಿ. ಎದುರಾಳಿಗೆ ಹೇಳಲು ಬಂದದ್ದಕ್ಕಿಂತ ಚೆನ್ನಾಗಿ ಅವರ ಮಾತನ್ನು ಹೇಳಬೇಕು. ‘ಹೌದು, ನಾನು ಹೇಳುವುದು ಇದನ್ನೇ’ ಎಂದು ಅವರು ಒಪ್ಪುವಂತಿರಬೇಕು. ಅಣಕಿಸಿ ಬರೆದ ಪೂರ್ವಪಕ್ಷ ಸ್ನೇಹಿತರನ್ನು ನಗಿಸಬಹುದು, ಒಂದು ಮತವನ್ನೂ ತರುವುದಿಲ್ಲ.

ನಮ್ಮ ಪ್ರಸ್ತಾವಕ್ಕೆ ಬರುವ ಗಟ್ಟಿಯಾದ ಆಕ್ಷೇಪ ಇದು: ‘ಮಳೆಗಾಲದಲ್ಲಿ ಸಂಪು ಹೇಗೂ ತುಂಬಿರುತ್ತದೆ, ಮಳೆನೀರಿಗೆ ಜಾಗವೆಲ್ಲಿ?’ ಉತ್ತರ ಮತ್ತೆ ಲೆಕ್ಕದಲ್ಲಿದೆ. ಮಳೆಯ ತಿಂಗಳುಗಳಲ್ಲಿ ಸಂಪನ್ನು ಅರ್ಧ ಮಾತ್ರ ತುಂಬಿಸಿ 30,000 ಲೀಟರ್ ಖಾಲಿ ಇಟ್ಟರೆ, ಒಂದು ಮಿಲಿಮೀಟರ್‌ಗೆ 800 ಲೀಟರ್‌ನಂತೆ 37 ಮಿಲಿಮೀಟರ್‌ವರೆಗಿನ ಮಳೆ ಅದರಲ್ಲಿ ಹಿಡಿಯುತ್ತದೆ. ಬೆಂಗಳೂರಿನ ಹೆಚ್ಚಿನ ಮಳೆಯ ದಿನಗಳಲ್ಲಿ ಅಷ್ಟು ಬೀಳುವುದಿಲ್ಲ. ಬಿದ್ದ ದಿನ ಹೆಚ್ಚಿನದು ಹೊರಹೋಗುತ್ತದೆ, ಕಾಲು ಭಾಗ ಕಳೆದದ್ದು ಅದಕ್ಕೇ. ಇನ್ನೊಂದು ಆಕ್ಷೇಪವನ್ನು ಖಂಡಿಸಲು ಹೋಗಬಾರದು, ಒಪ್ಪಿಕೊಳ್ಳಬೇಕು: ಶೋಧಕವನ್ನು ಯಾರಾದರೂ ನಿಯಮಿತವಾಗಿ ತೊಳೆಯದಿದ್ದರೆ ಇದು ಸಂಪನ್ನೇ ಕೆಡಿಸುತ್ತದೆ. ಇದು ನಿಜ. ನಿಜವಾದ ಆಕ್ಷೇಪಕ್ಕೆ ಉತ್ತರ ವಾದವಲ್ಲ, ವ್ಯವಸ್ಥೆ. ಆದ್ದರಿಂದ ನಿರ್ವಹಣೆಯ ಹೊಣೆ ಮತ್ತು ಅದರ ವೆಚ್ಚವನ್ನು ಪ್ರಸ್ತಾವದ ಒಳಗೇ ಬರೆಯಬೇಕು.

ಕೆಲವು ಚರ್ಚೆಗಳಲ್ಲಿ ಎದುರಿನವರು ತಮ್ಮದೊಂದು ಪಕ್ಷವನ್ನೇ ಇಡದೆ, ಹೇಳಿದ್ದನ್ನೆಲ್ಲ ಕೆಡವುತ್ತ ಹೋಗುತ್ತಾರೆ. ನ್ಯಾಯಸೂತ್ರಗಳು ಇದನ್ನು ವಿತಂಡವೆಂದು ವಾದದಿಂದ ಬೇರ್ಪಡಿಸಿವೆ. ಅದಕ್ಕೆ ಬರಹದಲ್ಲಿ ಉತ್ತರ ಕೊಡುತ್ತ ಕೂರಬೇಕಿಲ್ಲ. ನಿಮ್ಮ ಓದುಗರು ಅವರಲ್ಲ, ಅವರ ಪಕ್ಕದಲ್ಲಿ ಸುಮ್ಮನೆ ಕುಳಿತಿರುವವರು.

ಬರೆದು ಜೋಡಿಸುವುದು

ಇಷ್ಟು ಆದಮೇಲೆ ಬರೆಯುವುದು ಸುಲಭದ ಕೆಲಸ. ನಿರ್ಧಾರ ಕೈಗೊಳ್ಳುವವರಿಗೆ ಬರೆಯುವಾಗ ಕೋರಿಕೆಯನ್ನು ಮೊದಲ ಪರಿಚ್ಛೇದದಲ್ಲೇ ಇಡಬೇಕು. ನಂತರ ಅತ್ಯಂತ ಗಟ್ಟಿಯಾದ ಪುರಾವೆ, ಆಮೇಲೆ ಆಕ್ಷೇಪಗಳು, ಕೊನೆಗೆ ಮುಂದಿನ ಕ್ರಮ. ದುರ್ಬಲ ಪುರಾವೆಯನ್ನು ಸೇರಿಸುವುದರಿಂದ ಗಟ್ಟಿ ಪುರಾವೆಗೆ ಬಲ ಬರುವುದಿಲ್ಲ. ಓದುಗರು ಟೀಕಿಸಲು ಅದನ್ನೇ ಆರಿಸಿಕೊಳ್ಳುತ್ತಾರೆ. ಮೂರು ಒಳ್ಳೆಯ ಕಾರಣಗಳಿದ್ದಾಗ ನಾಲ್ಕನೆಯದನ್ನು ಹುಡುಕಬೇಡಿ. ನಮ್ಮ ಮನವಿಯ ತಿರುಳು ಹೀಗೆ ಬರಬಹುದು:

‘ತಾರಸಿಯ ಮಳೆನೀರು ಈಗ ಚರಂಡಿಗೆ ಹೋಗುತ್ತಿದೆ. ಅದನ್ನು ಶೋಧಕದ ಮೂಲಕ ಸಂಪಿಗೆ ಹರಿಸುವ ಕೆಲಸಕ್ಕೆ 1,20,000 ರೂಪಾಯಿ ಮಂಜೂರು ಮಾಡಬೇಕೆಂದು ಸಭೆಯನ್ನು ಕೋರುತ್ತೇನೆ. ಇದರಿಂದ ಬೇಸಿಗೆಯ ಟ್ಯಾಂಕರ್‌ಗಳು ನಿಲ್ಲುವುದಿಲ್ಲ. ಆದರೆ ಕಳೆದ ಜೂನ್‌ನಿಂದ ಅಕ್ಟೋಬರ್‌ವರೆಗೆ ನಾವು ಕೊಂಡ 40 ಟ್ಯಾಂಕರ್‌ಗಳಲ್ಲಿ 17ರಿಂದ 35ರವರೆಗೆ ಉಳಿಯುತ್ತವೆ ಎಂಬುದು ಲಗತ್ತಿಸಿದ ಲೆಕ್ಕದ ಅಂದಾಜು. ಹಾಕಿದ ಹಣ ಮೂರೂವರೆಯಿಂದ ಏಳು ವರ್ಷಗಳಲ್ಲಿ ವಾಪಸಾಗುತ್ತದೆ. ಶೋಧಕದ ಶುಚಿತ್ವವನ್ನು ಈಗಿರುವ ಕೊಳಾಯಿ ನಿರ್ವಹಣೆಯ ಗುತ್ತಿಗೆಯಲ್ಲೇ ಸೇರಿಸಬೇಕು. ಅದಕ್ಕೆ ಒಪ್ಪಿಗೆ ಇಲ್ಲದಿದ್ದರೆ ಈ ಕೆಲಸವನ್ನು ಆರಂಭಿಸದಿರುವುದೇ ಲೇಸು.’

ಈ ಪರಿಚ್ಛೇದದಲ್ಲಿ ವಿಶೇಷಣಗಳು ಇಲ್ಲವೆನ್ನುವಷ್ಟು ಕಡಿಮೆ. ‘ಇದರಿಂದ ಬೇಸಿಗೆಯ ಟ್ಯಾಂಕರ್‌ಗಳು ನಿಲ್ಲುವುದಿಲ್ಲ’ ಎಂಬ ವಾಕ್ಯವೇ ಇಡೀ ಮನವಿಯಲ್ಲಿ ಹೆಚ್ಚು ಕೆಲಸ ಮಾಡುವಂಥದು. ಅದನ್ನು ಓದಿದವರು ಮುಂದಿನ ಸಂಖ್ಯೆಯನ್ನು ನಂಬಲು ಸಿದ್ಧರಾಗುತ್ತಾರೆ. ಭಾವನೆಗೆ ಜಾಗವೇ ಇಲ್ಲವೆಂದಲ್ಲ. ಏಪ್ರಿಲ್‌ನಲ್ಲಿ ಬಕೆಟ್ ಹಿಡಿದು ಕಾದ ನೆನಪು ಎಲ್ಲರಿಗೂ ಇರುತ್ತದೆ, ಒಂದು ವಾಕ್ಯದಲ್ಲಿ ಅದನ್ನು ತರಬಹುದು. ಆದರೆ ಆ ನೆನಪು ಬೇಸಿಗೆಯದು, ನಮ್ಮ ಪ್ರಸ್ತಾವ ಮಳೆಗಾಲದ್ದು. ಇಲ್ಲಿ ಅದನ್ನು ಬಳಸಿದರೆ ಭಾವನೆ ಒಂದು ಕಡೆ, ಪುರಾವೆ ಇನ್ನೊಂದು ಕಡೆ ಎಳೆಯುತ್ತವೆ.

ಕಳುಹಿಸುವ ಮುನ್ನ

ಕರಡನ್ನು ನಿಮ್ಮ ಪರವಾಗಿರುವವರಿಗೆ ಕೊಟ್ಟರೆ ಅವರು ಅಕ್ಷರದೋಷ ಹುಡುಕಿಕೊಡುತ್ತಾರೆ. ಒಪ್ಪದವರೊಬ್ಬರಿಗೆ ಕೊಡಿ, ಮತ್ತು ‘ಹೇಗಿದೆ’ ಎಂದು ಕೇಳದೆ ‘ಯಾವ ವಾಕ್ಯದಲ್ಲಿ ನಂಬಿಕೆ ಕಡಿದುಹೋಯಿತು’ ಎಂದು ಕೇಳಿ. ಸೋಹೋ ಪ್ರಕರಣದಲ್ಲಿ ಹೆನ್ರಿ ವೈಟ್‌ಹೆಡ್ ಎಂಬ ಸ್ಥಳೀಯ ಪಾದ್ರಿಗೆ ಸ್ನೋ ಅವರ ವಾದ ತಪ್ಪೆಂದೇ ಅನಿಸಿತ್ತು. ಅದನ್ನು ಅಲ್ಲಗಳೆಯಲೆಂದೇ ಅವರು ಮನೆಮನೆಗೆ ಹೋಗಿ ವಿಚಾರಿಸಿದರು, ಕೊನೆಗೆ ಅವರೇ ಆ ವಾದದ ಗಟ್ಟಿ ಸಮರ್ಥಕರಾದರು. ಪಂಪಿನ ಪಕ್ಕದ ಮನೆಯಲ್ಲಿ ಮೊದಲು ಕಾಯಿಲೆ ಬಿದ್ದ ಮಗುವಿನ ವಿವರ ಸಿಕ್ಕಿದ್ದು ಅವರ ಹುಡುಕಾಟದಿಂದ. ಅದೇ ವೇಳೆ, ಸರ್ಕಾರದ ಆರೋಗ್ಯ ಮಂಡಳಿಯ ಸಮಿತಿ 1855ರಲ್ಲೂ ಸ್ನೋ ಅವರ ತೀರ್ಮಾನವನ್ನು ಒಪ್ಪಲಿಲ್ಲ. ಒಳ್ಳೆಯ ಪುರಾವೆಯನ್ನೂ ಮೊದಲ ಓದಿನಲ್ಲೇ ಎಲ್ಲರೂ ಒಪ್ಪುತ್ತಾರೆಂದು ನಿರೀಕ್ಷಿಸಬಾರದು. ಮುಂದೆ ಯಾರಾದರೂ ತಾವೇ ಪರೀಕ್ಷಿಸಿ ನೋಡುವಂತೆ ಅದನ್ನು ಬಿಟ್ಟುಹೋಗಬೇಕು.

ಆದ್ದರಿಂದ ಮನವಿಯ ಜೊತೆ ಒಂದು ಪುಟದ ಲೆಕ್ಕವನ್ನು ಲಗತ್ತಿಸಿ. ತಾರಸಿಯ ಅಳತೆ, ಮಳೆಯ ಅಂಕಿ ಮತ್ತು ಅದರ ಮೂಲ, ಕಳೆದ ಭಾಗಗಳು, ಟ್ಯಾಂಕರ್ ಪುಸ್ತಕದ ತಿಂಗಳುವಾರು ಸಂಖ್ಯೆ, ಲೀಟರ್ ದರ ಇವೆಲ್ಲ ಬೇರೆ ಬೇರೆ ಸಾಲುಗಳಲ್ಲಿರಲಿ; ಯಾವುದು ಅಳೆದದ್ದು, ಯಾವುದು ಅಂದಾಜು ಎಂದು ಪ್ರತಿ ಸಾಲಿನ ಎದುರು ಬರೆದಿರಲಿ. ಸಭೆಯಲ್ಲಿ ಯಾರಾದರೂ ಒಂದು ಅಂಕಿಯನ್ನು ಪ್ರಶ್ನಿಸಿ ಅವರದೇ ಸರಿಯೆಂದು ಕಂಡರೆ ಆ ಸಾಲನ್ನು ಅಲ್ಲಿಯೇ ಬದಲಿಸಿ, ಕೆಳಗಿನ ಮೊತ್ತವನ್ನು ಎಲ್ಲರೆದುರು ಮತ್ತೆ ಕೂಡಿ, ತಿದ್ದಿದ ಪುಟಕ್ಕೆ ದಿನಾಂಕ ಹಾಕಿ ಸದಸ್ಯರಿಗೆಲ್ಲ ಕಳುಹಿಸಿ.